ತೋಳಿನ ಮೇಲಿನ ಆ ಗುಳಿ ಯಾಕೆ ಹೋಗಲ್ಲ?

"ಅಕ್ಕಾ, ಮಗು ತೋಳಲ್ಲಿ ಕೀವಾಗಿದೆ. ಸೂಜಿ ಸರಿಯಾಗಿ ಹಾಕಿಲ್ವಾ?"

ಚಿಂತಾಮಣಿ ಸುತ್ತಲಿನ ಹಳ್ಳಿಗಳಲ್ಲಿ ನರ್ಸ್ ಆಗಿ ತಿರುಗಿದಷ್ಟು ವರ್ಷವೂ ಈ ಮಾತು ಕೇಳದ ತಿಂಗಳಿಲ್ಲ. ಹಿಂದೆಯೇ ಇನ್ನೊಂದು ಪ್ರಶ್ನೆ: ಬೇರೆ ಸೂಜಿಗೆ ಗುರುತೇ ಇರಲ್ಲ, ಇದೊಂದಕ್ಕೆ ಯಾಕೆ ಜೀವನಪೂರ್ತಿ ಕಲೆ?

ಇದು ಬಿಸಿಜಿ, ಟಿಬಿ ಲಸಿಕೆ. ಹುಟ್ಟಿದ ಕೂಡಲೇ ಎಡತೋಳಿಗೆ ಹಾಕುತ್ತಾರೆ. ಮಾಂಸಕ್ಕೆ ಇಳಿಯಬಾರದು, ಚರ್ಮದೊಳಗೇ ನಿಲ್ಲಬೇಕು. ಹಸುಗೂಸಿಗೆ 0.05 ಮಿ.ಲೀ. ಅಷ್ಟೇ. ಸರಿಯಾಗಿ ಬಿದ್ದರೆ ಅಲ್ಲೇ ಬಿಳಿ ಬೊಕ್ಕೆ ಏಳುತ್ತದೆ. ಕಲಿಯುವಾಗ ನನ್ನ ಕೈ ನಡುಗುತ್ತಿತ್ತು.

ಆದರೆ ಚರ್ಮದೊಳಗೆ ಹಾಕಿದ್ದಕ್ಕೇ ಕಲೆ ಅನ್ನುವಂತಿಲ್ಲ. ಪೋಲಿಯೊ ಸೂಜಿಯನ್ನೂ ಈಗ ಹಾಗೇ ಹಾಕುತ್ತಾರೆ, ಕಲೆ ಬೀಳಲ್ಲ. ಅದರಲ್ಲಿರುವುದು ಸತ್ತ ವೈರಸ್. ಬಿಸಿಜಿಯಲ್ಲಿರುವುದು ಜೀವಂತ ರೋಗಾಣು. ದನಗಳ ಟಿಬಿ ರೋಗಾಣುವನ್ನು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 13 ವರ್ಷ ಮತ್ತೆ ಮತ್ತೆ ಬೆಳೆಸಿ ಮೆತ್ತಗೆ ಮಾಡಿದರು. 1921ರಲ್ಲಿ ಮೊದಲ ಸಲ ಮಗುವಿಗೆ ಕೊಟ್ಟರು. ನಮ್ಮ ದೇಶಕ್ಕೆ ಅದು 1948ರಲ್ಲಿ ಬಂತು. ಆಗ ಹಾಕಿದ ಜಾಗಗಳಲ್ಲೊಂದು ಇಲ್ಲೇ ಗಡಿಯಾಚೆಯ ಮದನಪಲ್ಲಿ. ನಾವೀಗ ಟೊಮೆಟೊ ರೇಟು ಕೇಳಲು ಮಾತ್ರ ನೆನೆಯುವ ಊರು!

ಮೆತ್ತಗಾದರೂ ಸತ್ತಿಲ್ಲವಲ್ಲ, ಅದು ಚರ್ಮದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಮೈ ಅದರ ಮೇಲೆ ಜಗಳಕ್ಕೆ ಬೀಳುತ್ತದೆ. ಕೆಲವು ವಾರದ ಮೇಲೆ ಗುಳ್ಳೆ, ಆಮೇಲೆ ಕೀವು, ಹುಣ್ಣು, ಹಕ್ಕಳೆ. ಈ ಜಗಳದಲ್ಲಿ ಚರ್ಮದ ಒಳಪದರವೂ ಒಂದಿಷ್ಟು ಸಾಯುತ್ತದೆ. ಮೇಲ್ಪದರ ತರಚಿದರೆ ಮೊದಲಿನಂತೆಯೇ ಬೆಳೆಯುತ್ತದೆ. ಒಳಪದರ ಹಾಗಲ್ಲ. ಮೈ ಅಲ್ಲಿ ನಾರು ತುಂಬಿ ತೇಪೆ ಹಾಕುತ್ತದೆ. ತೇಪೆಯಲ್ಲಿ ಕೂದಲು ಹುಟ್ಟಲ್ಲ, ಬೆವರೂ ಬರಲ್ಲ. ನಾವು ಕಲೆ ಅನ್ನುವುದು ಅದನ್ನೇ.

ಹಾಗಾಗಿ ಅರಿಶಿನ ಬೇಡ, ಮುಲಾಮು ಬೇಡ, ಹಿಂಡುವುದಂತೂ ಬೇಡವೇ ಬೇಡ. ಸುಮ್ನೆ ಬಿಡಿ. ಕಂಕುಳಲ್ಲಿ ಗಡ್ಡೆ ಕಟ್ಟಿದರೆ ಡಾಕ್ಟರಿಗೆ ತೋರಿಸಿ. ಕಲೆಯೇ ಬೀಳದ ಮಕ್ಕಳೂ ಇದ್ದಾರೆ, ಅದಕ್ಕೆ ಮತ್ತೆ ಹಾಕಿಸಬೇಕಿಲ್ಲ.

ಅಜ್ಜಿಯರ ಕೈ ಮೇಲಿನ ದೊಡ್ಡ ಗುಳಿಗಳು ಬೇರೆ. ಅವು ಸಿಡುಬಿನ ದಾಕು. ಅಲ್ಲೂ ಚರ್ಮ ಗೀರಿ ಜೀವಂತ ವೈರಸ್ಸನ್ನೇ ಬಿಡುತ್ತಿದ್ದರು. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತೆಂದು ಸಾರಿದರು. ಆಮೇಲೆ ಹುಟ್ಟಿದವರಿಗೆ ಆ ಗುಳಿ ಇಲ್ಲ. ದಾಕಿನವರು ಬಂದರೆಂದು ನಮ್ಮಜ್ಜಿ ಹುಲ್ಲಿನ ಬಣವೆ ಹಿಂದೆ ಬಚ್ಚಿಟ್ಟುಕೊಂಡಿದ್ದಳಂತೆ. ಸೀನಿ ಸಿಕ್ಕಿಬಿದ್ದಳು.