ಅಡಿಕೆ ನೇರವಾಗಿ ಮಾರುವಾಗ ನಮ್ಮ ಪರವಾಗಿ ಕರಾರು ಹೇಗೆ ಬರೆಸಬೇಕು?

ಮಂಡಿಗೆ ಹಾಕದೆ ಹೊರಗಿನ ವ್ಯಾಪಾರಿಗೆ ನೇರವಾಗಿ ಅಡಿಕೆ ಕೊಡುವಾಗ ಮಾರುವವರಿಗೆ ಅನುಕೂಲವಾಗುವ ಕರಾರು ಹೇಗಿರಬೇಕು? ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ನಷ್ಟದ ಹೊಣೆ ಯಾವಾಗ ಕೈ ಬದಲಾಗುತ್ತದೆ, ಮಾಲೀಕತ್ವ ಯಾವಾಗ ಕೈ ಬದಲಾಗುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಬರೆಸಿದರೆ ಮುಕ್ಕಾಲು ಕೆಲಸ ಆದಂತೆ.

ಹೆಚ್ಚಿನವರು ಬರೆಸುವುದು ಒಂದೇ ಸಾಲು: ‘ಪೂರ್ತಿ ಹಣ ಬರುವವರೆಗೆ ಮಾಲು ನಮ್ಮದೇ.’ ಅಪಾಯ ಇರುವುದೇ ಅಲ್ಲಿ. 1930ರ ಸರಕು ಮಾರಾಟ ಕಾಯ್ದೆಯ 26ನೇ ಕಲಂ ಪ್ರಕಾರ, ಬೇರೆ ಮಾತುಕತೆ ಆಗಿಲ್ಲದಿದ್ದರೆ ಮಾಲು ಯಾರದ್ದೋ ನಷ್ಟವೂ ಅವರದ್ದೇ. ಘಾಟಿಯಲ್ಲಿ ಲಾರಿ ಮಗುಚಿದರೂ, ಟಾರ್ಪಾಲು ಹರಿದು ಮೂಟೆ ನೆನೆದರೂ ಆ ಒಂದು ಸಾಲಿನಿಂದ ಹೊರೆ ಮಾರಿದವರ ತಲೆಗೇ ಬರುತ್ತದೆ. ಅದಕ್ಕೇ ಹೀಗೆ ಬರೆಸಿ: ‘ಮೂಟೆ ಲಾರಿಗೆ ಏರಿದ ಕ್ಷಣದಿಂದ ನಷ್ಟ, ಹಾನಿ, ತೂಕದ ಕೊರತೆಯ ಹೊಣೆ ಖರೀದಿದಾರರದ್ದು. ಪೂರ್ತಿ ಹಣ ಮಾರಾಟಗಾರರ ಖಾತೆಗೆ ಜಮಾ ಆಗುವವರೆಗೆ ಮಾಲೀಕತ್ವ ಮಾರಾಟಗಾರರದ್ದು.’ ಸಾಗಣೆ ವಿಮೆ ಖರೀದಿದಾರರೇ ಮಾಡಿಸಬೇಕು, ಪರಿಹಾರ ಬಂದರೆ ಬಾಕಿಯಷ್ಟು ಮೊದಲು ಮಾರಾಟಗಾರರಿಗೆ ಸಲ್ಲಬೇಕು ಎಂಬುದನ್ನೂ ಜೊತೆಗೆ ಸೇರಿಸಿ.

ಆದರೂ ಮಾಲೀಕತ್ವದ ಷರತ್ತನ್ನೇ ನಂಬಿ ಕೂರಬೇಡಿ. ಮಾಲು ಖರೀದಿದಾರರ ಗೋದಾಮು ಸೇರಿದ ಮೇಲೆ, ವಿಷಯ ಗೊತ್ತಿಲ್ಲದ ಮೂರನೆಯವರು ಪ್ರಾಮಾಣಿಕವಾಗಿ ಕೊಂಡರೆ 30ನೇ ಕಲಂ ಅವರನ್ನು ಕಾಪಾಡುತ್ತದೆ. ಬೇರೆ ರಾಶಿಯೊಂದಿಗೆ ಬೆರೆತ ಅಡಿಕೆಯಲ್ಲಿ ನಿಮ್ಮದು ಯಾವುದೆಂದು ತೋರಿಸುವುದೂ ಕಷ್ಟ. ನಿಜವಾದ ರಕ್ಷಣೆ ಮುಂಗಡ. ಸಹಿ ಹಾಕುವಾಗ ಶೇ 30, ಲಾರಿ ಹೊರಡುವ ಮೊದಲು ಶೇ 60 ಆರ್‌ಟಿಜಿಎಸ್ ಮೂಲಕ ಬಂದರೆ, ಕೈ ತಪ್ಪಿ ಹೋಗಬಹುದಾದದ್ದು ಶೇ 10 ಮಾತ್ರ.

ಜಗಳ ಹೆಚ್ಚಾಗಿ ಹುಟ್ಟುವುದು ಗುಣಮಟ್ಟದಲ್ಲಿ. ಇಲ್ಲಿ ಒಂದು ಪದದ ಬಗ್ಗೆ ಎಚ್ಚರ ಬೇಕು. ಕಾಯ್ದೆಯ ಕನ್ನಡದಲ್ಲಿ ‘ಸರಕು’ ಅಂದರೆ ಮಾರುವ ಯಾವುದೇ ವಸ್ತು. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವೂ ಅಡಿಕೆಯ ಬಗೆಗಳು. ರಾಶಿ ಮಾರುವ ಕರಾರಿನ ತುಂಬ ‘ಸರಕು’ ಅಂತ ಬರೆದಿದ್ದರೆ, ದರ ಇಳಿದ ದಿನ ಅದೇ ತಕರಾರಿಗೆ ದಾರಿಯಾಗುತ್ತದೆ. ವಸ್ತುವಿಗೆ ‘ಮಾಲು’ ಎಂದೇ ಬರೆಸಿ. ಬಗೆ, ಕ್ವಿಂಟಾಲ್ ಲೆಕ್ಕ, ತೇವಾಂಶದ ಮಿತಿ, ಅದನ್ನು ಅಳೆಯುವ ಜಾಗ ಎಲ್ಲ ಅಂಕಿಯಲ್ಲಿರಲಿ. ಮಾದರಿ ಎರಡು ಪೊಟ್ಟಣ ಮಾಡಿ, ಅರಗು ಹಾಕಿ, ಇಬ್ಬರೂ ಸಹಿ ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳಿ. ಮಾದರಿಯನ್ನೂ ವಿವರಣೆಯನ್ನೂ ಎರಡನ್ನೂ ಕೊಟ್ಟು ಮಾರಿದರೆ ಮಾಲು ಎರಡಕ್ಕೂ ತಾಳೆಯಾಗಬೇಕು. ಹಾಗಾಗಿ ‘ಉತ್ಕೃಷ್ಟ’, ‘ಒಂದನೇ ದರ್ಜೆ’ ಎಂಬ ಹೊಗಳಿಕೆ ಕರಾರಿನಲ್ಲಿ ಬೇಡವೇ ಬೇಡ.

ಪರೀಕ್ಷೆ ನಿಮ್ಮ ಅಂಗಳದಲ್ಲೇ, ತುಂಬುವ ಮೊದಲೇ ಮುಗಿಯಲಿ. ವೇಬ್ರಿಡ್ಜ್ ಚೀಟಿಯ ತೂಕವೇ ಕೊನೆಯದು ಎಂದಿರಲಿ. ಮಾಲು ತಲುಪಿದ ಮೇಲೆ ತಕರಾರು ತಿಳಿಸಲು ಗಡುವು ಬರೆಯದಿದ್ದರೆ ಕಾಯ್ದೆ ಹೇಳುವುದು ‘ಸಮಂಜಸ ಕಾಲ’ ಎಂದಷ್ಟೇ, ಅದು ಎರಡು ದಿನವೋ ಎರಡು ತಿಂಗಳೋ ಎಂದು ವಾದ ಬೆಳೆಯುತ್ತದೆ. ‘ತಲುಪಿದ 48 ಗಂಟೆಯೊಳಗೆ ಬರಹದಲ್ಲಿ ತಿಳಿಸದಿದ್ದರೆ ಒಪ್ಪಿದಂತೆ, ತಕರಾರಿನ ನೆಪದಲ್ಲಿ ಹಣ ತಡೆಯುವಂತಿಲ್ಲ, ಪರಿಹಾರ ಆ ಲಾಟಿನ ಬೆಲೆ ಮೀರುವಂತಿಲ್ಲ’ ಎಂದು ಸೇರಿಸಿ.

ಹಣ ತಡವಾದರೆ ಹಾಕುವ ಬಡ್ಡಿಯ ದರ ಹಿತಮಿತವಾಗಿರಲಿ. ವರ್ಷಕ್ಕೆ ಶೇ 18 ಎಂದರೆ ಸಮರ್ಥಿಸಿಕೊಳ್ಳಬಹುದು. ದಿನಕ್ಕೆ ಶೇ 1 ಎಂದು ಬರೆಸಿದರೆ ಅದು ದಂಡವೆಂದು ನ್ಯಾಯಾಲಯ ಕತ್ತರಿ ಹಾಕಬಹುದು. ಖರೀದಿದಾರರು ಮಾಲು ಎತ್ತದಿದ್ದರೆ ಬೇರೆಯವರಿಗೆ ಮಾರುವ ಹಕ್ಕನ್ನು ಕರಾರಿನಲ್ಲೇ ಕಾಯ್ದಿರಿಸಿಕೊಳ್ಳಿ. ಇಲ್ಲವಾದರೆ ಬೇಗ ಕೆಡದ ಮಾಲಿಗೆ ಮೊದಲು ನೋಟಿಸ್ ಕೊಡಬೇಕು. ಕೊಡದೆ ಮಾರಿದರೆ ನಷ್ಟ ಕೇಳುವಂತಿಲ್ಲ, ಲಾಭ ಬಂದರೆ ಅದು ಮೊದಲಿನ ಖರೀದಿದಾರರಿಗೆ ಸೇರುತ್ತದೆ. ವ್ಯಾಜ್ಯದ ಷರತ್ತಿನಲ್ಲಿ ‘ಶಿವಮೊಗ್ಗದ ನ್ಯಾಯಾಲಯದಲ್ಲಿ ಮಾತ್ರ’ ಎಂದಿರಬೇಕು, ಆ ‘ಮಾತ್ರ’ ಬಿಟ್ಟುಹೋಗಬಾರದು.

ಸಾಲಕ್ಕೆ ಕೊಟ್ಟಿದ್ದರೆ ಗಡುವು ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ಬಾಕಿ ಒಪ್ಪಿ ಖರೀದಿದಾರರು ಸಹಿ ಮಾಡಿದ ಪತ್ರ ಸಿಕ್ಕರೆ, ಸಹಿಯಾದ ದಿನದಿಂದ ಮತ್ತೆ 3 ವರ್ಷ ಸಿಗುತ್ತದೆ.