18 ವಯಲ್‌ಗೆ ಎಷ್ಟು ಕುದುರೆ?

ನಮ್ಮ ದೊಡ್ಡಪ್ಪನಿಗೆ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದ್ದು ಒಂದು ಮಳೆಗಾಲದ ಸಂಜೆ. ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಗಾಜಿನ ನಳಿಕೆಗೆ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟರು. ಓರೆ ಮಾಡಿ ನೋಡಿದಾಗ ಅದು ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು; ವಿಷ ಮೈಗೇರಿದೆ ಎಂಬುದಕ್ಕೆ ಅದೇ ಗುರುತು. ಮೊದಲು 10 ವಯಲ್ (ಔಷಧದ ಸಣ್ಣ ಬಾಟಲಿ), ಆರು ಗಂಟೆಗಳ ನಂತರ ಮತ್ತೆ 8 ವಯಲ್ ಪ್ರತಿವಿಷ ಕೊಟ್ಟರು. ರಾತ್ರಿಯಿಡೀ ಎಚ್ಚರವಿದ್ದ ನಾನು ಖಾಲಿ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತ ಕುಳಿತಿದ್ದೆ. ಒಳಗಿದ್ದದ್ದು ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯ, ಅಂದರೆ ವಿಷವನ್ನು ಎದುರಿಸಲು ಅದರ ಮೈ ತಾನೇ ತಯಾರಿಸಿಕೊಂಡ ಅಂಶ, ಎಂದು ಆಗ ತಿಳಿಯಿತು. ಜೀವಮಾನದಲ್ಲಿ ಮಾಂಸ ಮುಟ್ಟದ ದೊಡ್ಡಪ್ಪ ಚೇತರಿಸಿಕೊಂಡ ಮೇಲೆ ಈ ವಿಷಯ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎಷ್ಟು ಕುದುರೆ ಬೇಕಾಯಿತೋ?" ಎಂದರು.

ಒಂದು ಕುದುರೆಯಿಂದ ಒಮ್ಮೆ ತೆಗೆದ ರಕ್ತದಿಂದ ಅನೇಕ ವಯಲ್‌ಗಳಾಗುತ್ತವೆ, ಅದಕ್ಕಾಗಿ ಕುದುರೆಯನ್ನು ಕೊಲ್ಲುವುದಿಲ್ಲ ಎಂದು ನಾನು ಅವರಿಗೆ ಸಮಾಧಾನ ಹೇಳಿದೆ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕುದುರೆಗೋ ಹೇಸರಗತ್ತೆಗೋ ಹಾವಿನ ವಿಷವನ್ನು ಮೊದಲು ಅತ್ಯಲ್ಪ ಪ್ರಮಾಣದಲ್ಲಿ, ಬಳಿಕ ಸ್ವಲ್ಪ ಸ್ವಲ್ಪವೇ ಏರಿಸುತ್ತ, ವಾರಗಟ್ಟಲೆ ಚುಚ್ಚುತ್ತಾರೆ. ಮೈಯಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟಿದ ಮೇಲೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಅದರ ದ್ರವಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸಿಕೊಂಡು, ವ್ಯವಸ್ಥೆ ಚೆನ್ನಾಗಿರುವ ಕಡೆ ಕೆಂಪು ರಕ್ತಕಣಗಳನ್ನು ಅದೇ ಕುದುರೆಗೆ ಹಿಂದಿರುಗಿಸುತ್ತಾರೆ. ಈ ಸುತ್ತು ವರ್ಷಾನುಗಟ್ಟಲೆ ನಡೆಯುತ್ತದೆ. ಚುಚ್ಚಿದ ಜಾಗದಲ್ಲಿ ಕೀವುಗಟ್ಟುವುದು, ರಕ್ತಹೀನತೆ, ದೀರ್ಘಕಾಲದಲ್ಲಿ ಯಕೃತ್ತಿಗೆ ಹಾನಿ, ಇವೆಲ್ಲ ಆ ಪ್ರಾಣಿ ತೆರಬೇಕಾದ ಬೆಲೆಗಳು.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಯವರು. ಈ ಸಂಖ್ಯೆಯ ಮುಂದೆ ನಿಂತು ಕುದುರೆಗಳನ್ನು ಬಳಸಲೇಬಾರದೆಂದು ಹೇಳಲು ನನ್ನಿಂದಾಗದು. ದೊಡ್ಡಪ್ಪನ ಹಾಸಿಗೆಯ ಪಕ್ಕ ಕುಳಿತಿದ್ದವನಿಗೆ ಆ ಮಾತು ಒಪ್ಪುವುದೂ ಇಲ್ಲ. ಆದರೆ "ಜೀವ ಉಳಿಯಿತಲ್ಲ" ಎಂಬಲ್ಲಿಗೆ ನೈತಿಕ ಲೆಕ್ಕ ಮುಗಿಯಿತೆಂದು ಭಾವಿಸುವವರ ಜೊತೆಗೂ ನಾನಿಲ್ಲ. ಬಳಸಿದ ನೋವು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು, ಎಷ್ಟು ಪೋಲಾಯಿತು ಎಂಬುದು ನನ್ನ ಪ್ರಶ್ನೆ.

ಪೋಲಾಗುವುದು ಕಡಿಮೆಯೇನಲ್ಲ. ಕುದುರೆಯ ರಕ್ತದಲ್ಲಿ ಅದು ಹುಟ್ಟಿದಂದಿನಿಂದ ಎದುರಿಸಿದ ಎಲ್ಲ ರೋಗಾಣುಗಳ ವಿರುದ್ಧದ ಪ್ರತಿಕಾಯಗಳೂ ಇರುತ್ತವೆ; ಹಾವಿನ ವಿಷವನ್ನು ಹಿಡಿಯುವಂಥವು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಇನ್ನೊಂದು ಕಾರಣ ವಿಷದ ಮೂಲ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷ ಬಹುಕಾಲದಿಂದ ಮುಖ್ಯವಾಗಿ ಬರುತ್ತಿರುವುದು ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದಿಂದ. ಅವರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ಕೆಲಸದಲ್ಲಿ ಅವರಿಗಿರುವ ನೈಪುಣ್ಯ ದೊಡ್ಡದು. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿಕೊಟ್ಟಿದೆ. ಚೆನ್ನೈ ಸುತ್ತಮುತ್ತಲಿನ ಹಾವಿನ ವಿಷಕ್ಕೆ ಹೊಂದಿಸಿದ ಔಷಧ ದೂರದ ಊರಿನ ಹಾವಿಗೆ ಸರಿಯಾಗಿ ನಾಟದಿದ್ದರೆ ವೈದ್ಯರು ಹೆಚ್ಚು ವಯಲ್ ಕೊಡಬೇಕಾಗುತ್ತದೆ, ಅಂದರೆ ಹೆಚ್ಚು ಕುದುರೆ ರಕ್ತ. ಮಲೆನಾಡಿನ ತರಗೆಲೆಗಳ ನಡುವೆ ಮಲಗಿರುವ ಉಬ್ಬುಮೂಗಿನ ಗುಳಿಮಂಡಲಕ್ಕಂತೂ ಈ ಔಷಧ ತಯಾರಾದದ್ದೇ ಅಲ್ಲ. ಅದು ಕಚ್ಚಿದವರಿಗೆ ಕೊಟ್ಟ ವಯಲ್‌ಗಳು ರೋಗಿಗೂ ಕುದುರೆಗೂ ಅನ್ಯಾಯ. ದುರ್ಬಲವಾದ ಔಷಧವನ್ನು ಮಾರುವುದು ರೋಗಿಯ ಮಟ್ಟಿಗೆ ಮೋಸವೆಂದು ಎಲ್ಲರೂ ಒಪ್ಪುತ್ತಾರೆ. ಅದು ಪ್ರಾಣಿಹಿಂಸೆಯೂ ಹೌದೆಂದು ಹೇಳುವವರು ಕಡಿಮೆ.

ಇಷ್ಟರ ನಡುವೆ ಇಲಿಯನ್ನು ಯಾರೂ ನೆನೆಯುವುದಿಲ್ಲ, ದೊಡ್ಡಪ್ಪನೂ ನೆನೆಯಲಿಲ್ಲ. 1 ಮಿಲಿಲೀಟರ್ ಪ್ರತಿವಿಷವು ನಾಗರಹಾವು ಮತ್ತು ಕೊಳಕುಮಂಡಲಗಳ ತಲಾ 0.6 ಮಿಲಿಗ್ರಾಂ, ಕಟ್ಟುಹಾವು ಮತ್ತು ಗರಗಸಮಂಡಲಗಳ ತಲಾ 0.45 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸಬೇಕೆಂಬುದು ನಮ್ಮಲ್ಲಿನ ಮಾನದಂಡ. ಅದನ್ನು ಖಚಿತಪಡಿಸಲು ವಿಷವನ್ನೂ ಔಷಧವನ್ನೂ ಬೆರೆಸಿ ಇಲಿಗಳಿಗೆ ಚುಚ್ಚಿ, ಎಷ್ಟು ಸತ್ತವು, ಎಷ್ಟು ಬದುಕಿದವು ಎಂದು ಎಣಿಸುತ್ತಾರೆ. ಕುದುರೆಗೆ ಹೆಸರಿರಬಹುದು, ಲಾಯವಿರುತ್ತದೆ, ಮೈತಿಕ್ಕುವ ಆಳಿರುತ್ತಾನೆ. ಇಲಿಗೆ ಇರುವುದು ಗುಂಪಿನ ಸಂಖ್ಯೆ. ನಮ್ಮ ಕಾನೂನೂ ಇದೇ ಮೆಟ್ಟಿಲನ್ನು ಒಪ್ಪಿದೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ಕಲಮು, ಗಿನಿಯಿಲಿ, ಮೊಲ, ಕಪ್ಪೆ, ಇಲಿಗಳಂಥ ಸಣ್ಣ ಪ್ರಾಣಿಗಳಿಂದ ಅದೇ ಫಲಿತಾಂಶ ಸಿಗುವುದಾದರೆ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ನೋವು ದೇಹದ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆಂದು ಯಾವ ಆಧಾರದಿಂದ ನಂಬುತ್ತೇವೋ ನನಗೆ ತಿಳಿಯದು. ಇಲಿಯನ್ನು ಗಣಪತಿಯ ಪಾದದ ಬಳಿ ಕೂರಿಸಿ, ಅದಕ್ಕೇ ಅಡುಗೆಮನೆಯಲ್ಲಿ ಪಾಷಾಣವಿಡುವ ನಮಗೆ ಈ ಇಬ್ಬಂದಿ ಹೊಸದೇನಲ್ಲ.

ಪ್ರಾಣಿಗಳಿಲ್ಲದ ದಾರಿಯೂ ಪ್ರಾಣಿಗಳ ಮೂಲಕವೇ ಹಾದುಬರುತ್ತಿದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರೂ ಸುನಗರ್ ಅವರ ತಂಡವೂ ಸೇರಿ 2024ರಲ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ಅದಕ್ಕೆ ಕುದುರೆ ಬೇಕಿಲ್ಲ. ಆದರೆ ಅದು ಕೆಲಸ ಮಾಡುತ್ತದೆಂದು ಗೊತ್ತಾದದ್ದು ಇಲಿಗಳಿಗೆ ವಿಷ ಚುಚ್ಚಿ ನೋಡಿದ ಮೇಲೆಯೇ. ಆ ಇಲಿಗಳನ್ನು ಬಳಸಿದ್ದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಕೊಟ್ಟ ನೋವು ಮುಂದಿನ ನೋವನ್ನು ಕಡಿಮೆ ಮಾಡುವ ಕಡೆಗೆ ಮುಖ ಮಾಡಿದೆ. ದಶಕಗಳಿಂದ ಅದೇ ಪರೀಕ್ಷೆಯನ್ನು ಅದೇ ರೀತಿ ಮಾಡುತ್ತಿರುವುದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ.

ಆ ಹೊಸ ಪ್ರತಿಕಾಯ ಎದುರಿಸುವುದು ನಾಗರಹಾವು, ಕಟ್ಟುಹಾವುಗಳ ಬಳಗದ ನರವಿಷವನ್ನು. ಕೊಳಕುಮಂಡಲದ ವಿಷದ ಬಗೆಯೇ ಬೇರೆ, ಅದಕ್ಕೆ ಇದು ಉಪಯೋಗವಿಲ್ಲ. ನಮ್ಮ ತೋಟದಲ್ಲಿ ನಾಳೆ ಯಾರಿಗಾದರೂ ಅದೇ ಹಾವು ಕಚ್ಚಿದರೆ ಕುದುರೆಯೇ ಆಗಬೇಕು. ದೊಡ್ಡಪ್ಪ ಈಗ ಗಂಬೂಟು ಹಾಕಿಕೊಂಡು, ಕೈಯಲ್ಲಿ ಟಾರ್ಚ್ ಹಿಡಿದೇ ತೋಟಕ್ಕೆ ಇಳಿಯುತ್ತಾರೆ. ಕೇಳಿದವರಿಗೆ, ಇನ್ನೊಮ್ಮೆ ಕುದುರೆಗೆ ತೊಂದರೆ ಕೊಡುವುದು ಬೇಡವೆಂದು, ಎನ್ನುತ್ತಾರೆ.