ಮುರಕಲ್ಲಿನ ಟ್ಯಾಂಕ್: ಗೋಡೆ ಸೋರಿಕೆ ನಿಂತಿತು, ಸುರಂಗದಲ್ಲಿ ನೀಲಿ ಬಂತು

ಕಸದ ಗುಂಡಿಯ ರಸ ನೆಲದಡಿ ಯಾವ ದಾರಿ ಹಿಡಿಯುತ್ತದೆ ಎಂದು ನೋಡಲು ಅಕ್ರಿಲಿಕ್ ಟ್ಯಾಂಕಿನೊಳಗೆ ಮುರಕಲ್ಲು (ನಮ್ಮಲ್ಲಿ ಮನೆ ಕಟ್ಟುವ ಕೆಂಪು ಕಲ್ಲು, ಲ್ಯಾಟರೈಟ್) ಇಟ್ಟು ಅಂತರ್ಜಲದ ಮಾದರಿ ಮಾಡುತ್ತಿದ್ದೇನೆ. ಕೊನೆಗೂ ಅದರ ಗೋಡೆ ಬದಿಯ ಸೋರಿಕೆ ನಿಂತಿತು. ಬಣ್ಣದ ನೀರು ಅಕ್ರಿಲಿಕ್ ಹಿಡಿದು ಜಾರುವ ಬದಲು ಕಲ್ಲಿನೊಳಗೆ ಇಳಿಯಿತು. ಆಮೇಲೆ ಕಂಡದ್ದು ಇನ್ನೂ ಮಜಾ. ಕಸದ ಗುಂಡಿಗೆ ಹತ್ತಿರ ಇಟ್ಟ ಬಾವಿಯಲ್ಲಿ ತಿಳಿ ನೀರು, ದೂರದ ಸುರಂಗದ ಬಾಯಿಯಲ್ಲಿ ನೀಲಿ ನೀರು. ಸುರಂಗ ಎಂದರೆ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ದಾರಿ.

ಟ್ಯಾಂಕ್ ಕತ್ತರಿಸಿದ್ದು, ಅಂಟಿಸಿದ್ದು, ಉಬ್ಬದ ಹಾಗೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟದ್ದು ಇದನ್ನೆಲ್ಲ ಬರೆಯುವುದಿಲ್ಲ. ಅಂತರ್ಜಲದ ಮಾದರಿ ಮಾಡಿ ನೋಡಿದವರಿಗೆ ಅದೆಲ್ಲ ಗೊತ್ತು. ಆದರೆ ಇಂಥ ಮಾದರಿಗಳಲ್ಲಿ ಸಾಮಾನ್ಯವಾಗಿ ತುಂಬುವುದು ಮರಳು, ಮತ್ತೆ ಸ್ವಲ್ಪ ಜಲ್ಲಿ. ನೀರು ಎಲ್ಲ ಕಡೆ ಒಂದೇ ಹದದಲ್ಲಿ ಹರಡುತ್ತದೆ, ನೋಡಲಿಕ್ಕೆ ಚಂದ. ನಮ್ಮ ಕಾಸರಗೋಡಿನಲ್ಲಿ ಮರಳಿನ ಗುಡ್ಡೆ ಎಲ್ಲಿದೆ? ಇಲ್ಲಿರುವುದು ಪದವು, ಅಂದರೆ ತಲೆ ಚಪ್ಪಟೆಯಾದ ಗುಡ್ಡೆ. ಮೇಲೆ ಗಟ್ಟಿ ಪಾದೆ, ಕೆಳಗೆ ತೂತು ತೂತಿನ ಮುರಕಲ್ಲು, ಅದರ ಅಡಿಗೆ ಶೇಡಿಮಣ್ಣು ಎಂಬ ಮೆತ್ತನೆ ಜೇಡಿ, ತೀರಾ ಅಡಿಗೆ ಕರಿಕಲ್ಲು. ಮಳೆ ವರ್ಷಕ್ಕೆ ಸುಮಾರು 3500 ಮಿ.ಮೀ. ಹಾಗಾಗಿ ಮರಳು ಬೇಡ, ನಿಜವಾದ ಮುರಕಲ್ಲೇ ಇಡುವ ಎಂದು ಹೊರಟೆ.

ಯಾಕೆ ಕಸದ ಗುಂಡಿ ಎಂದು ಕೇಳುವವರಿಗೆ ಒಂದು ಮಾತು. ಪದವು ಕಂಡರೆ ಎಲ್ಲರಿಗೂ ಅದು ಖಾಲಿ ಜಾಗ. ಮನೆ ಇಲ್ಲ, ತೋಟ ಇಲ್ಲ, ಮುಳಿಹುಲ್ಲು ಮಾತ್ರ. ಕಾರ್ಖಾನೆ ತ್ಯಾಜ್ಯ ಹಾಕಲಿಕ್ಕೆ ನಕ್ಷೆಯಲ್ಲಿ ಜಾಗ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2001ರ ಅಪಾಯಕಾರಿ ತ್ಯಾಜ್ಯದ ಮಾನದಂಡ ಓದಿ: ಕೆರೆಯಿಂದ 200 ಮೀಟರ್, ಹೊಳೆಯಿಂದ 100 ಮೀಟರ್, ಜನವಸತಿಯಿಂದ 500 ಮೀಟರ್, ನೀರು ಸರಬರಾಜಿನ ಬಾವಿಯಿಂದ 500 ಮೀಟರ್ ದೂರ ಇರಬೇಕು. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ಕನಿಷ್ಠ 2 ಮೀಟರ್ ಅಂತರ ಬೇಕು. ಊರಿನ ಮಾಮೂಲಿ ಕಸಕ್ಕಾದರೆ 2016ರ ಘನತ್ಯಾಜ್ಯ ನಿಯಮದಲ್ಲಿ ಬಾವಿಗೆ 200 ಮೀಟರ್ ಸಾಕಿತ್ತು. ಪದವಿನ ನಡುವೆ ನಿಂತು ಟೇಪ್ ಹಿಡಿದರೆ ಇದರಲ್ಲಿ ಹೆಚ್ಚಿನವು ಪಾಸ್. ಸುರಂಗ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ನಮ್ಮ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಕುಡಿಯುವ ನೀರೇ ಸುರಂಗದ್ದು ಅಲ್ವಾ?

ಸರಿ, ಈಗ ಗೋಡೆ ಸೋರಿಕೆಯ ಕಥೆ.

ಮುರಕಲ್ಲನ್ನು ಪುಡಿ ಮಾಡಿ ತುಂಬಿದರೆ ಅದು ಮುರಕಲ್ಲಾಗಿ ಉಳಿಯುವುದಿಲ್ಲ, ಕೆಂಪು ಮಣ್ಣಾಗುತ್ತದೆ. ಅದರ ಒಳಗಿನ ಕೊಳವೆಗಳೇ ಹೋಗಿಬಿಡುತ್ತವೆ. ಹಾಗಾಗಿ ಕೋರೆಯಿಂದ ಮೆಷಿನ್ ಕೊಯ್ಲಿನ ಇಡೀ ಕಲ್ಲು ತಂದು, ಟ್ಯಾಂಕಿನ ದಪ್ಪಕ್ಕೆ ಸರಿಯಾಗಿ ಸೀಳಿಸಿದೆ. ಕೊಯ್ದವನು ಇದರಲ್ಲಿ ಎಂತ ಮನೆ ಕಟ್ಟುತ್ತೀರಿ ಎಂದು ಕೇಳಿದ. ಕಲ್ಲಿನ ಮುಖ ಒರಟು, ಅಕ್ರಿಲಿಕ್ ನಯ. ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ನೀರಿಗೆ ಅದು ಹೆದ್ದಾರಿ. ಮೇಲಿಂದ ಹಾಕಿದ ಬಣ್ಣ ಕಲ್ಲನ್ನು ಮುಟ್ಟದೆ ಸೀದಾ ತಳಕ್ಕೆ ಬಂದು ಕೂರುತ್ತಿತ್ತು. ನೋಡಿದವರಿಗೆಲ್ಲ ಖುಷಿ, ಆಹಾ ಎಷ್ಟು ಬೇಗ ಸೋರುತ್ತದೆ ಎಂದು. ನನಗೆ ಮಾತ್ರ ತಲೆ ಬಿಸಿ. ಲ್ಯಾಬಿನಲ್ಲಿ ಮಣ್ಣಿನ ಪರ್ಮಿಯಬಿಲಿಟಿ, ಅಂದರೆ ಅದು ನೀರನ್ನು ಎಷ್ಟು ಬೇಗ ಇಳಿಯಬಿಡುತ್ತದೆ ಎಂದು ಅಳೆಯುವವರಿಗೂ ಈ ಬದಿ ಸೋರಿಕೆ ಹಳೆಯ ಶತ್ರು. ಅವರು ಮಾದರಿಯ ಸುತ್ತ ರಬ್ಬರ್ ಪೊರೆ ಹಾಕಿ ಹೊರಗಿಂದ ಒತ್ತಡ ಕೊಡುತ್ತಾರೆ. ನನ್ನ ಹತ್ತಿರ ಇರುವುದು ಅಡುಗೆಮನೆ ಪಕ್ಕದ ಚಾವಡಿ.

ಸಂದಿ ಮುಚ್ಚಲು ಮೊದಲು ಹಾಕಿದ್ದು ಸಿಲಿಕೋನ್ ಅಂಟು. ಅದು ಮುರಕಲ್ಲಿನ ದೂಳಿಗೆ ಹಿಡಿಯುವುದೇ ಇಲ್ಲ, ಎಳೆದರೆ ಪಟ್ಟಿಯಾಗಿ ಬರುತ್ತದೆ. ಸಿಮೆಂಟ್ ಹಾಲು ಬಿರುಕು ಬಿಟ್ಟಿತು, ಅದೂ ಅಲ್ಲದೆ ಕಲ್ಲೇ ಕಾಣುವುದಿಲ್ಲ. ಕರಗಿಸಿದ ಮೇಣ ಕಲ್ಲಿನ ತೂತುಗಳ ಒಳಗೇ ಇಳಿದು, ಯಾವುದನ್ನು ನೋಡಬೇಕಿತ್ತೋ ಅದನ್ನೇ ಮುಚ್ಚಿ ಕೂತಿತು.

ಉಳಿದದ್ದು ಬೆಂಟೊನೈಟ್, ನೀರು ತಾಗಿದರೆ ಉಬ್ಬಿ ಸಂದಿ ಮುಚ್ಚುವ ಜೇಡಿ. ಇಲ್ಲಿ ಅಂಗಡಿಯವರ ಮೇಲೆ ಸ್ವಲ್ಪ ಸಿಟ್ಟು ತೀರಿಸಿಕೊಳ್ಳುತ್ತೇನೆ. ಬೆಂಟೊನೈಟ್ ಇದೆಯಾ ಎಂದು ಫೋನಿನಲ್ಲಿ ಕೇಳಿದರೆ 'ಇದೆ ಇದೆ, ಫಸ್ಟ್ ಕ್ವಾಲಿಟಿ'. ಮಂಗಳೂರಿನಿಂದ ಬಸ್ಸಿನಲ್ಲಿ ಹಾಕಿಸಿ ತರಿಸಿದರೆ ಒಳಗೆ ಕರಿ ಪುಡಿ. ಕರೆಂಟಿನ ಅರ್ತಿಂಗ್ ಗುಂಡಿಗೆ ಹಾಕುವ ಮಿಶ್ರಣ ಮಾರಾಯ್ರೆ! ಕೈ ಕಪ್ಪು, ಬಕೆಟ್ ಕಪ್ಪು, ಚಾವಡಿ ಕಪ್ಪು. ವಾಪಸ್ ತಗೊಳ್ಳಿ ಎಂದರೆ 'ಚೀಲ ಒಡೆದಿದೆ ಅಲ್ವಾ' ಎಂಬ ಉತ್ತರ. ಚೀಲ ಒಡೆಯದೆ ಒಳಗಿನ ಬಣ್ಣ ನೋಡುವ ವಿದ್ಯೆ ನನಗೆ ಬರುವುದಿಲ್ಲ.

ಒಳ್ಳೆ ಮಾಲು ಸಿಕ್ಕಿದ್ದು ಹೆದ್ದಾರಿ 66ರ ಕೆಲಸದಲ್ಲಿ. ಸೇತುವೆಗೆ ಪೈಲ್ ಇಳಿಸುವಾಗ ಗುಂಡಿಯ ಬದಿ ಕುಸಿಯದಂತೆ ಬೆಂಟೊನೈಟ್ ಕಲಸಿದ ನೀರು ತುಂಬುತ್ತಾರೆ. ಅಲ್ಲಿ ಹೋಗಿ ಅರ್ಧಂಬರ್ಧ ಹಿಂದಿಯಲ್ಲಿ ಬೇಡಿದೆ. ಒಬ್ಬ ಭಾಯ್ ಒಂದು ಹರಿದ ಚೀಲದ ತಳದಲ್ಲಿದ್ದದ್ದನ್ನು ಕೊಟ್ಟು, ಮೀನಿನ ಟ್ಯಾಂಕಿಗಾ ಎಂದು ಕೇಳಿದ. ಹೌದೆಂದೆ. ವಿವರಿಸುವಷ್ಟು ಹಿಂದಿ ಬರಬೇಕಲ್ಲ.

ತಂದ ಮಾಲು ಪರೀಕ್ಷೆ ಮಾಡದೆ ಬಳಸಬೇಡಿ. 100 ಮಿ.ಲೀ. ಅಳತೆ ಜಾಡಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, 2 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಒಳ್ಳೆಯ ಸೋಡಿಯಂ ಬೆಂಟೊನೈಟ್ 24 ಮಿ.ಲೀ. ಗೆರೆಯನ್ನಾದರೂ ಮುಟ್ಟಬೇಕು. ಕಸದ ಗುಂಡಿಯ ತಳಕ್ಕೆ ಹಾಸುವ, ಕಾರ್ಖಾನೆಯಲ್ಲಿ ಮಾಡಿದ ಜೇಡಿಯ ಲೈನರ್‌ಗೂ ಇದೇ ಪರೀಕ್ಷೆ, ಇದೇ ಗೆರೆ. ಭಾಯ್ ಕೊಟ್ಟದ್ದು ದಾಟಿತು. ಕರಿ ಪುಡಿ ತಳದಲ್ಲಿ ಸುಮ್ನೆ ಮಲಗಿತ್ತು. ಕುತೂಹಲಕ್ಕೆ ನಮ್ಮ ಶೇಡಿಮಣ್ಣನ್ನೂ ಹಾಕಿದೆ. ಅದರಲ್ಲಿ ಹೆಚ್ಚಿನದ್ದು ಕೆಯೋಲಿನೈಟ್, ಉಬ್ಬುವ ಜಾತಿಯೇ ಅಲ್ಲ. ಅಡಿಯಲ್ಲಿ ಹೇಗೂ ಜೇಡಿ ಇದೆ, ಸಂದಿ ಬಿಟ್ಟರೂ ಅದೇ ಉಬ್ಬಿ ಮುಚ್ಚುತ್ತದೆ ಎನ್ನುವವರು ಈ ಜಾಡಿ ಒಮ್ಮೆ ನೋಡಬೇಕು. ಬೆಂಟೊನೈಟ್ ಕೂಡ ಎಲ್ಲ ಕಾಲಕ್ಕೂ ಗ್ಯಾರಂಟಿ ಅಲ್ಲ. ಕ್ಯಾಲ್ಸಿಯಂ ಉಪ್ಪು ಜಾಸ್ತಿ ಇರುವ ಕಸದ ರಸ ತಾಗಿದರೆ ಅದರ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಉಬ್ಬುವ ಗುಣ ಇಳಿಯುತ್ತದೆ.

ಆದರೆ ಬೆಂಟೊನೈಟ್ ಮೆತ್ತಿದರೆ ಮುಂದಿನ ಮುಖವೇ ಮುಚ್ಚಿಹೋಗುತ್ತದೆ, ಆಮೇಲೆ ನೋಡುವುದೇನನ್ನು? ಹಾಗಾಗಿ ಹಿಂಭಾಗಕ್ಕೆ, ಬದಿಗಳಿಗೆ ಬೆಂಟೊನೈಟ್. ಮುಂದಿನ ಮುಖಕ್ಕೆ ಪಾರದರ್ಶಕ ಎಪಾಕ್ಸಿ, ಈ ರೆಸಿನ್ ಆರ್ಟ್‌ನವರು ಬಳಸುವಂಥದ್ದು. ಕಲಸಿದ ಕೂಡಲೇ ಹಚ್ಚಿದರೆ ಮೇಣದ ಕಥೆಯೇ ಆಗುತ್ತದೆ, ನೀರಿನಂತೆ ತೂತಿಗೆ ಇಳಿಯುತ್ತದೆ. ಎಳೆಪಾಕದ ಹದ ಬರುವ ತನಕ ಕಾದು, ಆಗ ಬಳಿದು, ಕಲ್ಲನ್ನು ಅಕ್ರಿಲಿಕ್‌ಗೆ ಒತ್ತಿ ಕ್ಲಾಂಪ್ ಹಾಕಬೇಕು. ಹದ ಬಂದ ಮೇಲೆ ಸಿಗುವ ಸಮಯ ಬಹಳ ಕಡಿಮೆ, ನಡುವೆ ಫೋನ್ ಬಂದರೆ ಎತ್ತಬೇಡಿ. ಕಲ್ಲು ಪೂರ್ತಿ ಒಣಗಿರಬೇಕು, ಪಸೆ ಇದ್ದರೆ ಎಪಾಕ್ಸಿ ಬೆಳ್ಳಗಾಗುತ್ತದೆ. ಹೊರಗಿಟ್ಟರೆ ಸಂಜೆಯ ಮಳೆಗೆ ಮತ್ತೆ ನೆನೆಯುತ್ತಿತ್ತು. ಕೊನೆಗೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಅಡಿಕೆಯ ಪಕ್ಕ ಇಟ್ಟೆ. ಅಮ್ಮ ಇನ್ನೂ ಆ ವಿಷಯದಲ್ಲಿ ಮಾತಾಡುತ್ತಿದ್ದಾರೆ.

ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಂಪು ಕಲ್ಲಿಗೆ ಕೆಂಪು ಬಣ್ಣ ಹಾಕಿದರೆ ಬ್ರಹ್ಮನಿಗೂ ಕಾಣುವುದಿಲ್ಲ. ಬ್ರಿಲಿಯಂಟ್ ಬ್ಲೂ ಒಳ್ಳೆಯದು. ಕೇಕಿಗೆ ಹಾಕುವುದು ಅದನ್ನೇ, ಮಣ್ಣಿನಲ್ಲಿ ನೀರಿನ ದಾರಿ ಹುಡುಕುವ ವಿಜ್ಞಾನಿಗಳು ಬಳಸುವುದೂ ಅದನ್ನೇ.

ಈಗ ಓಡಿಸಿದ ಕಥೆ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ ಸಣ್ಣ ಗುಂಡಿ, ಹಾಳೆಯಲ್ಲಿ ಒಂದು ಸೂಜಿ ತೂತು. ಗುಂಡಿಯ ಹತ್ತಿರವೇ ನೇರ ಕೆಳಗೆ ಇಳಿಸಿದ ಗಾಜಿನ ಕೊಳವೆ, ಅದು ಬಾವಿ. ಕಲ್ಲಿನ ಬುಡದಲ್ಲಿ, ಇನ್ನೊಂದು ತುದಿಯಿಂದ 8 ಎಂ.ಎಂ. ಬಿಟ್ ಹಾಕಿ ಅಡ್ಡಕ್ಕೆ ಕೊರೆದದ್ದು ಸುರಂಗ. ಮೇಲಿಂದ ಡ್ರಿಪ್ ಪೈಪಿನಲ್ಲಿ ಮಳೆ. ನೀಲಿ ಸ್ವಲ್ಪ ಹೊತ್ತು ಗುಂಡಿಯ ಕೆಳಗೇ ನಿಂತಿತು. ಆಮೇಲೆ ಒಂದು ಬೆರಳು ದಪ್ಪದ ಕೊಳವೆ ಸಿಕ್ಕಿತು ನೋಡಿ, ಸುತ್ತಲಿನ ಕಲ್ಲನ್ನು ಹಾಗೇ ಬಿಟ್ಟು ಅದರಲ್ಲೇ ಇಳಿಯಿತು. ಕಲ್ಲಿನ ಅಡಿಗೆ ಹಾಕಿದ ಶೇಡಿಮಣ್ಣು ಸಿಕ್ಕಲ್ಲಿ ಅಡ್ಡ ತಿರುಗಿತು. ಅದರ ಬೆನ್ನ ಮೇಲೆ ಹರಿದು ಸುರಂಗದ ಒಳ ತುದಿಗೆ ಸೇರಿ ಹೊರಗೆ ಬಂತು. ಬಾವಿಯ ಕೊಳವೆ ಆ ದಾರಿಯಲ್ಲಿ ಇರಲಿಲ್ಲ, ಅಷ್ಟೆ.

ಬೇರೆ ಕಲ್ಲು ಇಟ್ಟರೆ ಬೇರೆ ದಾರಿ, ಬಾವಿಯೇ ನೀಲಿಯಾದೀತು. ಒಂದು ಕಲ್ಲಿನಿಂದ ಇಡೀ ಪದವಿನ ತೀರ್ಪು ಕೊಡಲು ಆಗುವುದಿಲ್ಲ. ಆದರೆ ದಾರಿ ಹೊರಗಿಂದ ಗೊತ್ತಾಗದ ನೆಲದಲ್ಲಿ ಬರೀ ವೃತ್ತ ಎಳೆದರೆ ಸಾಲದು ಎಂಬುದು ನನ್ನ ವಾದ. ಇನ್ನೊಂದು ತಕರಾರು ಸುರಂಗದ್ದೇ. ಅದನ್ನೂ ಬಾವಿ ಎಂದೇ ಲೆಕ್ಕ ಹಿಡಿದರೆ ಆ 500 ಮೀಟರನ್ನು ಎಲ್ಲಿಂದ ಅಳೆಯುವುದು? ಬಾಯಿ ತೋಟದ ಬದಿಯಲ್ಲಿ ಇರುತ್ತದೆ, ಒಳ ತುದಿ ನೂರಾರು ಅಡಿ ಗುಡ್ಡೆಯೊಳಗೆ, ಪದವಿನ ಅಡಿಯಲ್ಲೇ ಇರಬಹುದು. ಬಾಯಿಯಿಂದ ಅಳೆದರೆ ಪಾಸ್ ಆಗುವ ಜಾಗ ತುದಿಯಿಂದ ಅಳೆದರೆ ಫೇಲ್.

ಆ 2 ಮೀಟರಿನ ನಿಯಮಕ್ಕೂ ಇದೇ ಗತಿ. ಏಪ್ರಿಲ್‌ನಲ್ಲಿ ಅಳೆದರೆ ಪದವಿನ ಬಾವಿಯಲ್ಲಿ ನೀರು ಪಾತಾಳದಲ್ಲಿ, ಎಷ್ಟು ಆಳ ಬೇಕಾದರೂ ಅಗೆಯಿರಿ ಎನ್ನುತ್ತದೆ ಲೆಕ್ಕ. ಆಗಸ್ಟ್‌ನಲ್ಲಿ ಅದೇ ಬಾವಿಗೆ ಬಗ್ಗಿ ನೋಡಿ. ನಿಯಮ ಬರೆದವರ ಮೇಲೆ ನನಗೆ ಸಿಟ್ಟಿಲ್ಲ, 2 ಮೀಟರ್ ಬೇಕೇ ಬೇಕು. ಆದರೆ ಅದು ಸಿಗದ ಜಾಗದಲ್ಲಿ ವಿಶೇಷ ವಿನ್ಯಾಸ ಮಾಡಿ ಎಂಬ ಸಣ್ಣ ಬಾಗಿಲನ್ನೂ ಅದೇ ಮಾನದಂಡ ಇಟ್ಟಿದೆ. ಗುಂಡಿ ಅಂಥ ಬಾಗಿಲಲ್ಲೇ ಊರೊಳಗೆ ಬರುವುದು.

ಲೈನರ್ ಇರುತ್ತದಲ್ಲ ಎನ್ನಬಹುದು. ಇರುತ್ತದೆ, 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅಡಿಗೆ ಗುದ್ದಿ ಕೂರಿಸಿದ ಜೇಡಿ. ಆ ಜೇಡಿಯ ಪರ್ಮಿಯಬಿಲಿಟಿ ಸೆಕೆಂಡಿಗೆ ಒಂದು ಸೆಂ.ಮೀ.ನ ಕೋಟಿಯಲ್ಲಿ ಒಂದು ಪಾಲನ್ನು ಮೀರಬಾರದು. ಮಣ್ಣಿನಲ್ಲಿ ನೀರು ಹರಿಯುವ ಡಾರ್ಸಿ ಲೆಕ್ಕದಲ್ಲಿ ಗ್ರೇಡಿಯಂಟ್ (ನೀರನ್ನು ತಳ್ಳುವ ಒತ್ತಡದ ಇಳಿಜಾರು) ಒಂದಾದರೆ ವರ್ಷಕ್ಕೆ ಸುಮಾರು 3 ಸೆಂ.ಮೀ. ನೀರು ಚಲಿಸುವುದು ಮಣ್ಣಿನ ಸಂದಿಗಳಲ್ಲಿ ಮಾತ್ರ, ಹಾಗಾಗಿ ನಿಜವಾದ ವೇಗ ಅದರ ಎರಡು ಪಟ್ಟು ಎಂದಿಟ್ಟುಕೊಳ್ಳಿ. ಕಾಗದದ ಮೇಲೆ ಒಳ್ಳೆಯ ಲೆಕ್ಕ. ಆದರೆ ಅದು ನಿಜವಾಗಬೇಕಾದರೆ ಜುಲೈ ಮಳೆಯಲ್ಲಿ ಗುಂಡಿಯೊಳಗೆ ರಸ ನಿಲ್ಲದ ಹಾಗೆ ಪಂಪು ಓಡುತ್ತಲೇ ಇರಬೇಕು. ಗಾಳಿ ಮಳೆಗೆ ಕರೆಂಟ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆ ಎಂದು ಹೇಳಬೇಕಾ?

ಟ್ಯಾಂಕ್ ನೋಡಿದವರೆಲ್ಲ ಎಂಡೋಸಲ್ಫಾನ್, ಅಂದರೆ ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕದ ವಿಷಯ ಎತ್ತುತ್ತಾರೆ. ಗಡಿಯ ಮಿಂಚಿನಪದವಿನಲ್ಲಿ ಅದನ್ನು ಪಾಳು ಬಾವಿಗೆ ಹಾಕಿ ಮುಚ್ಚಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ನನ್ನ ನೀಲಿಯಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣಿಗೆ ಅಂಟಿಕೊಂಡಿರುತ್ತದೆ, ಮಣ್ಣು ಹೋದಲ್ಲಿಗೆ ಹೋಗುತ್ತದೆ. ಶೇಡಿಮಣ್ಣು ನೀರಿನ ಜೊತೆ ಕೊಚ್ಚಿಹೋಗುವ ಜಾತಿ ಬೇರೆ. ಅದಕ್ಕೆ ಬೇರೆಯೇ ಟ್ಯಾಂಕ್ ಬೇಕು, ಕೆಸರು ಹಿಡಿಯುವ ಜರಡಿ ಸಮೇತ. ಈಗ ಬೇಡ.

ಈಗ ಕೈಗೆ ತಗೊಂಡಿರುವುದು ನಕ್ಷೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಿಯಮದ ಎಲ್ಲ ಬಫರ್ (ಬಿಡಬೇಕಾದ ದೂರದ ಸುತ್ತು) ಹಾಕಿ ಉಳಿಯುವ ಜಾಗ ನೋಡುವುದು, ಒಮ್ಮೆ ಏಪ್ರಿಲ್ ನೀರಿನ ಮಟ್ಟದಲ್ಲಿ, ಒಮ್ಮೆ ಆಗಸ್ಟ್‌ನದರಲ್ಲಿ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುವುದರಿಂದ ಎರಡೂ ಸಿಗುತ್ತವೆ. ಸುರಂಗವನ್ನು ಚುಕ್ಕಿಯಾಗಿ ಹಾಕದೆ ಗೆರೆಯಾಗಿ ಹಾಕಬೇಕು, ಬಫರ್ ಆ ಗೆರೆಯ ಸುತ್ತ ಬರಬೇಕು. ಆದರೆ ಒಳಗೆ ಜಿಪಿಎಸ್ ಸಿಗುವುದಿಲ್ಲ. ಟೇಪ್ ಮತ್ತು ದಿಕ್ಸೂಚಿ ಹಿಡಿದು ಬಗ್ಗಿಕೊಂಡು ಹೋಗುವುದೊಂದೇ ದಾರಿ, ಗಾಳಿ ಇದೆಯಾ ಎಂದು ನೋಡಲು ಕೈಯಲ್ಲಿ ಮೋಂಬತ್ತಿ, ತಲೆ ಮೇಲೆ ಬಾವಲಿ. ಸುರಂಗ ಕೊರೆಯುವ ಅಣ್ಣ ಒಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ, ಮಳೆ ಪೂರ್ತಿ ಬಿಡಲಿ ಎಂಬ ಷರತ್ತಿನ ಮೇಲೆ. ನನ್ನ ಟೇಪ್ 30 ಮೀಟರಿನದು, ಸಾಲುವುದಿಲ್ಲ. ಕುಂಬಳೆಯಿಂದ ಉಪ್ಪಳದ ತನಕ ಯಾರ ಹತ್ತಿರವಾದರೂ 100 ಮೀಟರಿನ ಫೈಬರ್ ಟೇಪ್ ಇದ್ದರೆ ಹೇಳಿ, ಕೆಸರು ತೊಳೆದೇ ವಾಪಸ್ ಕೊಡುತ್ತೇನೆ.